ರೋಬೋಟ್ ತೋಳಿನ ಲೆಕ್ಕ: ಕೋನದಿಂದ ಜಾಗಕ್ಕೆ, ಜಾಗದಿಂದ ಕೋನಕ್ಕೆ

ರೋಬೋಟ್ ತೋಳಿನ ಮೋಟರುಗಳಿಗೆ ಅರ್ಥವಾಗುವುದು ಕೋನ ಮಾತ್ರ. ಭುಜದ ಮೋಟರಿಗೆ 30 ಡಿಗ್ರಿ ಎಂದರೆ ಅಷ್ಟು ತಿರುಗುತ್ತದೆ, ಮೊಣಕೈ ಮೋಟರಿಗೆ 45 ಎಂದರೆ ಅಷ್ಟು. ಆದರೆ ಗ್ರಿಪ್ಪರ್ ಹಿಡಿಯಬೇಕಾದ ಬೋಲ್ಟು ಬಿದ್ದಿರುವುದು ಮೇಜಿನ ಮೇಲೆ, ಇಷ್ಟು ಸೆಂಟಿಮೀಟರ್ ಮುಂದೆ, ಇಷ್ಟು ಸೆಂಟಿಮೀಟರ್ ಪಕ್ಕಕ್ಕೆ. ಕೋನಗಳನ್ನು ಕೊಟ್ಟರೆ ಗ್ರಿಪ್ಪರ್ ಎಲ್ಲಿದೆ ಎಂದು ಕಂಡುಹಿಡಿಯುವುದು ಫಾರ್ವರ್ಡ್ ಕೈನೆಮ್ಯಾಟಿಕ್ಸ್. ಗ್ರಿಪ್ಪರ್ ಎಲ್ಲಿರಬೇಕು ಎಂದು ಹೇಳಿ ಕೋನಗಳನ್ನು ಕೇಳುವುದು ಇನ್ವರ್ಸ್ ಕೈನೆಮ್ಯಾಟಿಕ್ಸ್. ಬಲ, ತೂಕ, ಮೋಟರಿನ ಶಕ್ತಿ ಯಾವುದೂ ಇಲ್ಲಿ ಬರುವುದಿಲ್ಲ. ಇದು ಪೂರ್ತಿ ಜ್ಯಾಮಿತಿ.

ಹೊಸದಾಗಿ ಕಲಿಯುವವರು ನೇರವಾಗಿ ಇನ್ವರ್ಸ್ ಸೂತ್ರ ಹುಡುಕಲು ಹೊರಡುತ್ತಾರೆ, ಕೆಲಸಕ್ಕೆ ಬೇಕಾಗುವುದು ಅದೇ ಆದ್ದರಿಂದ. ದಯವಿಟ್ಟು ಹಾಗೆ ಮಾಡಬೇಡಿ. ಫಾರ್ವರ್ಡ್ ಲೆಕ್ಕವನ್ನು ಮೊದಲು ಗಟ್ಟಿ ಮಾಡಿಕೊಳ್ಳಿ. ಅದಕ್ಕೆ ಯಾವಾಗಲೂ ಒಂದೇ ಉತ್ತರ. ಇನ್ವರ್ಸ್‌ಗೆ ಎರಡು ಉತ್ತರ ಇರಬಹುದು, ಎಂಟಿರಬಹುದು, ಎಣಿಕೆಗೆ ಸಿಗದಷ್ಟಿರಬಹುದು, ಒಂದೂ ಇಲ್ಲದೆಯೂ ಹೋಗಬಹುದು. ಬಂದ ಉತ್ತರ ಸರಿಯೋ ತಪ್ಪೋ ಎಂದು ಸಾಕ್ಷಿ ಹೇಳುವುದು ಫಾರ್ವರ್ಡ್ ಲೆಕ್ಕ. ಸಾಕ್ಷಿಯೇ ಕೆಟ್ಟರೆ ಮುಂದಿನದೆಲ್ಲ ಕೆಟ್ಟಂತೆ.

ಬೇಕಾದ ಗಣಿತ ಹೆಚ್ಚೇನಿಲ್ಲ: ಹೈಸ್ಕೂಲಿನ ಸೈನ್, ಕಾಸ್, ತ್ರಿಕೋನದ ಕೊಸೈನ್ ನಿಯಮ, ಮುಂದೆ ಹೋದಾಗ ಮ್ಯಾಟ್ರಿಕ್ಸ್ ಗುಣಾಕಾರ. ಬರವಣಿಗೆಗೆ ಅನುಕೂಲವಾಗಲೆಂದು ಉದ್ದಕ್ಕೆ ಉ1, ಉ2 ಎಂದೂ ಕೀಲಿನ ಕೋನಕ್ಕೆ ಕ1, ಕ2 ಎಂದೂ ಬರೆಯುತ್ತೇನೆ. ತುದಿಯ ಸ್ಥಾನ ಎಕ್ಸ್, ವೈ.

ಸೂತ್ರಕ್ಕೆ ಮೊದಲು ಅಳತೆ

ಕಾಗದದ ಮೇಲೆ ತೋಳಿನ ಚಿತ್ರ ಬರೆಯಿರಿ. ಪ್ರತಿ ಕೀಲಿಗೂ ಮೂರು ಸಂಗತಿ ಗುರುತು ಹಾಕಿ: ಅಕ್ಷ ಯಾವ ಕಡೆಗಿದೆ, ಸೊನ್ನೆ ಡಿಗ್ರಿ ಎಂದರೆ ತೋಳು ಯಾವ ಭಂಗಿಯಲ್ಲಿರುತ್ತದೆ, ಕೋನ ಹೆಚ್ಚಿದರೆ ಯಾವ ದಿಕ್ಕಿಗೆ ತಿರುಗುತ್ತದೆ. ಉದ್ದವನ್ನು ಅಳೆಯುವಾಗ ಒಂದು ಕೀಲಿನ ತಿರುಗುವ ಅಕ್ಷದಿಂದ ಮುಂದಿನ ಕೀಲಿನ ತಿರುಗುವ ಅಕ್ಷಕ್ಕೆ ಅಳೆಯಬೇಕು. ಲೋಹದ ಪಟ್ಟಿಯ ಒಂದು ಅಂಚಿನಿಂದ ಇನ್ನೊಂದು ಅಂಚಿಗೆ ಅಳೆದರೆ ಆ ಅಂಕಿ ಯಾವ ಲೆಕ್ಕಕ್ಕೂ ಬರುವುದಿಲ್ಲ.

ಈ ಚಿತ್ರವನ್ನು ಬರೆಯದೆ ನಾನು ಒಂದು ಇಡೀ ಸಂಜೆ ಕಳೆದುಕೊಂಡಿದ್ದೇನೆ. ಮೂರು ಕೀಲಿನ ಪುಟ್ಟ ತೋಳು, ಸಾಧಾರಣ ಸರ್ವೋ ಮೋಟರುಗಳು. ಲೆಕ್ಕವೆಲ್ಲ ಸರಿ, ತುದಿ ಮಾತ್ರ ಕೇಳಿದ ಜಾಗದ ಕೆಳಗೆಲ್ಲೋ ಹೋಗಿ ನಿಲ್ಲುತ್ತಿತ್ತು. ಸೂತ್ರವನ್ನು ಹತ್ತು ಸಲ ತಿದ್ದಿ ನೋಡಿದೆ. ಕೊನೆಗೆ ಕಂಡದ್ದು ಇಷ್ಟೇ: ಮೊಣಕೈ ಸರ್ವೋವನ್ನು ತಲೆಕೆಳಗಾಗಿ ಜೋಡಿಸಲಾಗಿತ್ತು, ಸೂತ್ರದ ಪ್ಲಸ್ ಅದರ ಪಾಲಿಗೆ ಮೈನಸ್. ಅಂದಿನಿಂದ ಪ್ರತಿ ಕೀಲಿಗೂ ಒಂದು ಚಿಹ್ನೆ, ಒಂದು ಆಫ್‌ಸೆಟ್ (ಸೂತ್ರದ ಸೊನ್ನೆಗೂ ಮೋಟರಿನ ಸೊನ್ನೆಗೂ ಇರುವ ವ್ಯತ್ಯಾಸ) ಇಟ್ಟುಕೊಂಡು, ಸೂತ್ರದ ಕೋನವನ್ನು ಮೋಟರಿನ ಕೋನಕ್ಕೆ ಬದಲಿಸುವ ಸಾಲನ್ನು ಪ್ರೋಗ್ರಾಮಿನಲ್ಲಿ ಒಂದೇ ಕಡೆ ಬರೆಯುತ್ತೇನೆ:

ಮೋಟರ್ ಕೋನ = ಚಿಹ್ನೆ × ಸೂತ್ರದ ಕೋನ + ಆಫ್‌ಸೆಟ್

ಡಿಗ್ರಿಯೋ ರೇಡಿಯನ್ನೋ, ಮಿಲಿಮೀಟರೋ ಮೀಟರೋ ಎಂಬುದನ್ನೂ ಈಗಲೇ ತೀರ್ಮಾನಿಸಿ. ಒಳಗಿನ ಲೆಕ್ಕವೆಲ್ಲ ರೇಡಿಯನ್ನಿನಲ್ಲಿರಲಿ. ಮನುಷ್ಯರಿಗೆ ತೋರಿಸುವಾಗ ಮಾತ್ರ ಡಿಗ್ರಿ.

ಎರಡು ಕೀಲಿನ ತೋಳು: ಫಾರ್ವರ್ಡ್

ಸಮತಲದಲ್ಲಿ ಆಡುವ ಎರಡು ಕೀಲಿನ ತೋಳು ತೆಗೆದುಕೊಳ್ಳೋಣ. ಭುಜದಿಂದ ಮೊಣಕೈಗೆ ಉ1 = 30 ಸೆಂ.ಮೀ., ಮೊಣಕೈಯಿಂದ ತುದಿಗೆ ಉ2 = 20 ಸೆಂ.ಮೀ. ಭುಜ ಮೂಲಬಿಂದುವಿನಲ್ಲಿದೆ. ಕ1 ಅನ್ನು ಎಕ್ಸ್ ಅಕ್ಷದಿಂದ ಅಳೆಯುತ್ತೇವೆ. ಕ2 ಅನ್ನು ಅಳೆಯುವುದು ಮೊದಲ ಕೊಂಡಿಯ, ಅಂದರೆ ಭುಜದಿಂದ ಮೊಣಕೈವರೆಗಿನ ತುಂಡಿನ, ನೇರದಿಂದ. ಮೋಟರಿಗೆ ಗೊತ್ತಿರುವುದು ಆ ಕೋನವೇ. ಹಾಗಾಗಿ ಎರಡನೇ ಕೊಂಡಿ ನೆಲದ ಲೆಕ್ಕದಲ್ಲಿ ಮುಖಮಾಡಿರುವ ಕೋನ ಕ1 + ಕ2.

ಎಕ್ಸ್ = ಉ1 × ಕಾಸ್(ಕ1) + ಉ2 × ಕಾಸ್(ಕ1 + ಕ2)
ವೈ = ಉ1 × ಸೈನ್(ಕ1) + ಉ2 × ಸೈನ್(ಕ1 + ಕ2)

ಕ1 = 30 ಡಿಗ್ರಿ, ಕ2 = 45 ಡಿಗ್ರಿ ಇಟ್ಟು ನೋಡಿ. ಮೊಣಕೈ (25.98, 15.00) ಎಂಬಲ್ಲಿ ಬರುತ್ತದೆ. ಎರಡನೇ ಕೊಂಡಿ 75 ಡಿಗ್ರಿ ಕೋನದಲ್ಲಿ 5.18 ಮತ್ತು 19.32 ಸೇರಿಸುತ್ತದೆ. ತುದಿ (31.16, 34.32). ಈ ಅಂಕಿಗಳನ್ನು ಪಕ್ಕದಲ್ಲಿ ಬರೆದಿಟ್ಟುಕೊಳ್ಳಿ, ಲೇಖನದ ಕೊನೆಯವರೆಗೂ ಇದೇ ತೋಳು ನಮ್ಮ ಜೊತೆಗಿರುತ್ತದೆ.

ಕೋಡ್ ಬರೆದ ಮೇಲೆ ಕಣ್ಣಿಗೆ ಉತ್ತರ ಗೊತ್ತಿರುವ ಭಂಗಿಗಳನ್ನು ಕೊಟ್ಟು ನೋಡಿ. ಎರಡೂ ಸೊನ್ನೆ ಎಂದರೆ ತುದಿ (50, 0). ಕ1 = 90, ಕ2 = 0 ಎಂದರೆ (0, 50). ಕ1 = 0, ಕ2 = 90 ಎಂದರೆ (30, 20). ಈ ಮೂರರಲ್ಲಿ ಒಂದು ತಪ್ಪಿದರೂ ಮುಂದೆ ಹೋಗಬೇಡಿ.

ತೋಳು ಎಲ್ಲೆಲ್ಲಿಗೆ ಮುಟ್ಟುತ್ತದೆ

ತೋಳು ಪೂರ್ತಿ ಚಾಚಿದರೆ ಭುಜದಿಂದ 50 ಸೆಂ.ಮೀ., ಪೂರ್ತಿ ಮಡಚಿದರೆ 30 − 20 = 10 ಸೆಂ.ಮೀ. ಈ ಎರಡು ವೃತ್ತಗಳ ನಡುವಿನ ಬಳೆಯೇ ತೋಳಿನ ವ್ಯಾಪ್ತಿ. ಭುಜದಿಂದ 10 ಸೆಂ.ಮೀ.ಗಿಂತ ಹತ್ತಿರದಲ್ಲಿರುವ ವಸ್ತುವನ್ನು ಈ ತೋಳು ಮುಟ್ಟಲಾರದು ಎಂಬುದು ಅನೇಕರಿಗೆ ಹೊಳೆಯುವುದಿಲ್ಲ. ದೂರದ ಮಿತಿ ಎಲ್ಲರಿಗೂ ನೆನಪಿರುತ್ತದೆ, ಹತ್ತಿರದ ಮಿತಿ ಮರೆತುಹೋಗುತ್ತದೆ. ನಿಜವಾದ ಕೀಲುಗಳು ಪೂರ್ತಿ ಸುತ್ತುವುದಿಲ್ಲವಾದ್ದರಿಂದ ಬಳೆಯ ಒಂದು ತುಂಡಷ್ಟೇ ಕೈಗೆ ಸಿಗುವುದು. ಕ1, ಕ2 ಎರಡನ್ನೂ ಅವುಗಳ ಮಿತಿಯೊಳಗೆ ಸಣ್ಣ ಸಣ್ಣ ಹೆಜ್ಜೆಯಲ್ಲಿ ಓಡಿಸಿ, ಬರುವ ತುದಿಗಳನ್ನೆಲ್ಲ ಚುಕ್ಕಿಯಾಗಿ ಬಿಡಿಸಿ. ಆ ಚಿತ್ರ ನೋಡಿದ ಮೇಲೆ ತೋಳನ್ನು ಮೇಜಿನ ಯಾವ ಅಂಚಿಗೆ ಕೂರಿಸಬೇಕೆಂಬುದು ತಾನಾಗಿ ಗೊತ್ತಾಗುತ್ತದೆ.

ಹಿಂದಿರುಗುವ ಲೆಕ್ಕ: ಇನ್ವರ್ಸ್

ಈಗ ತುದಿ (31.16, 34.32) ಬೇಕು ಎನ್ನೋಣ, ಕೋನ ಗೊತ್ತಿಲ್ಲ. ಭುಜ, ಮೊಣಕೈ, ತುದಿ ಮೂರನ್ನೂ ಸೇರಿಸಿದರೆ ಒಂದು ತ್ರಿಕೋನ. ಅದರ ಎರಡು ಬಾಹುಗಳು 30 ಮತ್ತು 20, ಮೂರನೆಯದು ಭುಜದಿಂದ ತುದಿಗಿರುವ ದೂರ. ಮೂರು ಬಾಹು ಗೊತ್ತಿದ್ದರೆ ಕೋನಗಳೆಲ್ಲ ಗೊತ್ತಾದಂತೆ.

ಮೊದಲ ಹೆಜ್ಜೆ, ದೂರದ ವರ್ಗ: ಎಕ್ಸ್² + ವೈ² = 2148.5. ಇದರ ವರ್ಗಮೂಲ 46.35, ಅಂದರೆ 10 ಮತ್ತು 50ರ ನಡುವೆ ಇದೆ. ತುದಿ ಕೈಗೆಟುಕುತ್ತದೆ.

ಎರಡನೇ ಹೆಜ್ಜೆ, ಕೊಸೈನ್ ನಿಯಮ:

ಕಾಸ್(ಕ2) = (ಎಕ್ಸ್² + ವೈ² − ಉ1² − ಉ2²) ÷ (2 × ಉ1 × ಉ2)

ನಮ್ಮ ಅಂಕಿಗಳಲ್ಲಿ (2148.5 − 1300) ÷ 1200 = 0.707. ಅಂದರೆ ಕ2 = 45 ಡಿಗ್ರಿ, ಅಥವಾ −45 ಡಿಗ್ರಿ. ಕಾಸ್ ಬೆಲೆ ಎರಡಕ್ಕೂ ಒಂದೇ. ಮೊಣಕೈ ಕೆಳಗಿದ್ದೂ ಆ ಬಿಂದು ಮುಟ್ಟಬಹುದು, ಮೇಲಿದ್ದೂ ಮುಟ್ಟಬಹುದು.

ಮೂರನೇ ಹೆಜ್ಜೆ, ಭುಜ (ಎಟ್ಯಾನ್2 ಎಂದರೆ ವೈ, ಎಕ್ಸ್ ಎರಡನ್ನೂ ಕೊಟ್ಟರೆ ಆ ದಿಕ್ಕಿನ ಕೋನ ಹೇಳುವ ಫಂಕ್ಷನ್):

ಕ1 = ಎಟ್ಯಾನ್2(ವೈ, ಎಕ್ಸ್) − ಎಟ್ಯಾನ್2(ಉ2 × ಸೈನ್(ಕ2), ಉ1 + ಉ2 × ಕಾಸ್(ಕ2))

ಮೊದಲ ಭಾಗ ತುದಿ ಇರುವ ದಿಕ್ಕು, 47.77 ಡಿಗ್ರಿ. ಎರಡನೆಯದು ಮೊಣಕೈ ಮಡಚಿದ್ದರಿಂದ ಮೊದಲ ಕೊಂಡಿ ಆ ದಿಕ್ಕಿನಿಂದ ಸರಿದ ಪ್ರಮಾಣ, 17.77 ಡಿಗ್ರಿ. ಕ2 = 45 ಎಂದು ಹಿಡಿದರೆ ಕ1 = 30. ಕ2 = −45 ಎಂದು ಹಿಡಿದರೆ ಎರಡನೇ ಭಾಗದ ಚಿಹ್ನೆ ಬದಲಾಗಿ ಕ1 = 65.53. ಎರಡನ್ನೂ ಫಾರ್ವರ್ಡ್ ಸೂತ್ರಕ್ಕೆ ಹಾಕಿ ನೋಡಿ. ಎರಡೂ ಬಂದು ನಿಲ್ಲುವುದು (31.16, 34.32) ಎಂಬಲ್ಲೇ.

ಈ ಮೂರು ಸಾಲಿನಲ್ಲಿ ಎರಡು ಹಳ್ಳಗಳಿವೆ. ಒಂದು, ಎಟ್ಯಾನ್2 ಬದಲು ಸಾಮಾನ್ಯ ಎಟ್ಯಾನ್ ಬಳಸುವುದು. ಎಟ್ಯಾನ್‌ಗೆ ಕೊಡುವುದು ವೈ ÷ ಎಕ್ಸ್ ಎಂಬ ಒಂದೇ ಅಂಕಿ. ಎರಡೂ ಪ್ಲಸ್ ಆದರೂ ಎರಡೂ ಮೈನಸ್ ಆದರೂ ಭಾಗಲಬ್ಧ ಒಂದೇ ಆಗುವುದರಿಂದ ಮುಂದಿರುವ ಬಿಂದುವಿಗೂ ಬೆನ್ನಿನ ಹಿಂದಿರುವ ಬಿಂದುವಿಗೂ ಅದಕ್ಕೆ ವ್ಯತ್ಯಾಸ ಗೊತ್ತಾಗದು. ಎಟ್ಯಾನ್2 ಎರಡು ಅಂಕಿಗಳನ್ನೂ ಬೇರೆಬೇರೆಯಾಗಿ ನೋಡಿ ಪೂರ್ತಿ ಸುತ್ತಿನಲ್ಲಿ ಸರಿಯಾದ ದಿಕ್ಕು ಹೇಳುತ್ತದೆ. ಎಕ್ಸ್ ಸೊನ್ನೆಯಾದರೂ ಕಂಗೆಡುವುದಿಲ್ಲ.

ಇನ್ನೊಂದು, ತೋಳು ಪೂರ್ತಿ ಚಾಚಿದ ಗಡಿಯಲ್ಲಿ ಆಗುವ ಎಡವಟ್ಟು. ಅಲ್ಲಿ ಕಾಸ್(ಕ2) ನಿಖರವಾಗಿ 1 ಆಗಬೇಕು. ಕಂಪ್ಯೂಟರಿನ ದಶಾಂಶ ಲೆಕ್ಕದಲ್ಲಿ 1.0000000002 ಬರಬಹುದು. ಅದರ ಆರ್ಕ್‌ಕಾಸ್, ಅಂದರೆ ಅಷ್ಟು ಕಾಸ್ ಇರುವ ಕೋನ, ಇಲ್ಲವೇ ಇಲ್ಲ, ಪ್ರೋಗ್ರಾಂ ಮುಗ್ಗರಿಸುತ್ತದೆ. 1ರಿಂದ ಕೂದಲೆಳೆಯಷ್ಟು ಹೆಚ್ಚಿದ್ದರೆ 1 ಎಂದು ಹಿಡಿಯಿರಿ, 1.05 ಬಂದರೆ ಮಾತ್ರ ಹಾಗೆ ಒತ್ತಿಹಿಡಿಯಬೇಡಿ, ಆ ಬಿಂದು ನಿಜವಾಗಿಯೂ ಕೈಗೆಟುಕದ್ದು. 'ಮುಟ್ಟಲಾಗದು' ಎಂದು ಬಾಯಿಬಿಟ್ಟು ಹೇಳುವ ಫಂಕ್ಷನ್ ಬರೆಯಿರಿ. ಸುಮ್ಮನೆ ಹತ್ತಿರದ ಕೋನ ಕೊಟ್ಟು ಕೈತೊಳೆದುಕೊಳ್ಳುವ ಫಂಕ್ಷನ್ನಿನಿಂದ ತೋಳು ಎಲ್ಲಿಗೋ ಹೋಗಿ ಏನನ್ನೋ ಬೀಳಿಸುತ್ತದೆ.

ಮಣಿಕಟ್ಟು ಸೇರಿಸಿದಾಗ

ಗ್ರಿಪ್ಪರ್ ಜಾಗಕ್ಕೆ ಬಂದರೆ ಸಾಲದು, ಸರಿಯಾದ ಕೋನದಲ್ಲೂ ಬರಬೇಕು. 10 ಸೆಂ.ಮೀ. ಉದ್ದದ ಮೂರನೇ ಕೊಂಡಿ ಸೇರಿಸಿ, ಗ್ರಿಪ್ಪರ್ ನೆಲಕ್ಕೆ ಸಮಾನಾಂತರವಾಗಿ, ಅಂದರೆ 0 ಡಿಗ್ರಿಯಲ್ಲಿ, (41.16, 34.32) ಎಂಬಲ್ಲಿ ನಿಲ್ಲಬೇಕು ಎನ್ನೋಣ. ಮೂರು ಕೋನಗಳನ್ನು ಒಟ್ಟಿಗೆ ಬಿಡಿಸಲು ಹೋದರೆ ತಲೆಕೆಡುತ್ತದೆ. ಬದಲಿಗೆ ತುದಿಯಿಂದ ಗ್ರಿಪ್ಪರ್ ದಿಕ್ಕಿನಲ್ಲೇ 10 ಸೆಂ.ಮೀ. ಹಿಂದೆ ಬನ್ನಿ. ಮಣಿಕಟ್ಟು (31.16, 34.32) ಎಂಬಲ್ಲಿರಲೇಬೇಕು. ಅದು ನಮಗೆ ಪರಿಚಯವಿರುವ ಬಿಂದು! ಕ1, ಕ2 ಆಗಲೇ ಗೊತ್ತು. ಉಳಿದದ್ದು ಕೂಡಿ ಕಳೆಯುವ ಕೆಲಸ:

ಕ3 = ಬೇಕಾದ ದಿಕ್ಕು − ಕ1 − ಕ2

ಮೊದಲ ಭಂಗಿಗೆ −75 ಡಿಗ್ರಿ, ಎರಡನೆಯದಕ್ಕೆ −20.53 ಡಿಗ್ರಿ. ಗ್ರಿಪ್ಪರಿನಿಂದ ಹಿಂದೆ ಸರಿದು ಮಣಿಕಟ್ಟು ಹುಡುಕುವ ಈ ಉಪಾಯವನ್ನು ಚೆನ್ನಾಗಿ ಅರಗಿಸಿಕೊಳ್ಳಿ. ಕಾರ್ಖಾನೆಯ ಆರು ಕೀಲಿನ ದೊಡ್ಡ ತೋಳುಗಳ ಲೆಕ್ಕ ನಿಂತಿರುವುದೂ ಇದರ ಮೇಲೆಯೇ.

ಮೂರು ಆಯಾಮಕ್ಕೆ: ಕೊಂಡಿಗೆ ನಾಲ್ಕು ಅಂಕಿ

ಸಮತಲ ಬಿಟ್ಟು ಮೇಲೆದ್ದ ಕೂಡಲೇ ಕಣ್ಣಳತೆಯ ತ್ರಿಕೋನಗಳು ಸಾಲುವುದಿಲ್ಲ. 1955ರಲ್ಲಿ ಜಾಕ್ ಡೆನಾವಿಟ್ ಮತ್ತು ರಿಚರ್ಡ್ ಹಾರ್ಟೆನ್‌ಬರ್ಗ್ ಒಂದು ಕ್ರಮ ಹಾಕಿಕೊಟ್ಟರು. ಒಂದು ಕೀಲಿನಿಂದ ಮುಂದಿನದಕ್ಕೆ ಹೋಗುವ ಸಂಬಂಧವನ್ನು ಹೇಳಲು ಸಾಮಾನ್ಯವಾಗಿ ಆರು ಅಂಕಿ ಬೇಕು; ಅಕ್ಷಗಳನ್ನು ಒಂದು ನಿಯಮಕ್ಕೆ ಒಳಪಡಿಸಿ ಕೂರಿಸಿದರೆ ನಾಲ್ಕೇ ಸಾಕು.

ನಿಯಮ ಹೀಗಿದೆ. ಪ್ರತಿ ಕೀಲಿನ ತಿರುಗುವ ಅಕ್ಷವೇ ಅಲ್ಲಿನ ಜೆಡ್ ಅಕ್ಷ. ಎರಡು ಪಕ್ಕದ ಜೆಡ್ ಅಕ್ಷಗಳಿಗೂ ಲಂಬವಾಗಿರುವ ಗೆರೆಯೇ ಎಕ್ಸ್ ಅಕ್ಷ. ಆಗ ಬೇಕಾಗುವ ನಾಲ್ಕು: ಜೆಡ್ ಸುತ್ತ ತಿರುಗುವ ಥೀಟಾ, ಜೆಡ್ ಗುಂಟ ಸರಿಯುವ ಡಿ, ಎಕ್ಸ್ ಗುಂಟ ಸರಿಯುವ ಎ, ಎಕ್ಸ್ ಸುತ್ತ ತಿರುಚುವ ಆಲ್ಫಾ. ತಿರುಗುವ ಕೀಲಾದರೆ ಥೀಟಾ ಒಂದೇ ಬದಲಾಗುತ್ತದೆ. ಜಾರುವ ಕೀಲಾದರೆ ಡಿ ಒಂದೇ. ಮಿಕ್ಕ ಮೂರು ತೋಳು ತಯಾರಾದ ದಿನವೇ ನಿಂತುಹೋದ ಅಂಕಿಗಳು. ಈ ನಾಲ್ಕರಿಂದ ಬರುವ ಮ್ಯಾಟ್ರಿಕ್ಸಿನ ನಾಲ್ಕು ಸಾಲು:

ಕಾಸ್ ಥೀಟಾ | −ಸೈನ್ ಥೀಟಾ × ಕಾಸ್ ಆಲ್ಫಾ | ಸೈನ್ ಥೀಟಾ × ಸೈನ್ ಆಲ್ಫಾ | ಎ × ಕಾಸ್ ಥೀಟಾ
ಸೈನ್ ಥೀಟಾ | ಕಾಸ್ ಥೀಟಾ × ಕಾಸ್ ಆಲ್ಫಾ | −ಕಾಸ್ ಥೀಟಾ × ಸೈನ್ ಆಲ್ಫಾ | ಎ × ಸೈನ್ ಥೀಟಾ
0 | ಸೈನ್ ಆಲ್ಫಾ | ಕಾಸ್ ಆಲ್ಫಾ | ಡಿ
0 | 0 | 0 | 1

ಎಡಗಡೆಯ ಮೂರು ಕಾಲಮುಗಳು ದಿಕ್ಕು ಹೇಳುತ್ತವೆ, ಕೊನೆಯ ಕಾಲಮು ಜಾಗ ಹೇಳುತ್ತದೆ. ಎಲ್ಲ ಕೊಂಡಿಗಳ ಮ್ಯಾಟ್ರಿಕ್ಸುಗಳನ್ನು ಬುಡದಿಂದ ತುದಿಯವರೆಗೆ ಅದೇ ಅನುಕ್ರಮದಲ್ಲಿ ಗುಣಿಸಿದರೆ ಫಾರ್ವರ್ಡ್ ಕೈನೆಮ್ಯಾಟಿಕ್ಸ್ ಮುಗಿಯಿತು. ಅನುಕ್ರಮ ಅದಲುಬದಲಾದರೆ ಉತ್ತರವೂ ಬದಲಾಗುತ್ತದೆ, ಎಚ್ಚರ.

ನಮ್ಮ ಎರಡು ಕೀಲಿನ ತೋಳನ್ನೇ ಎದ್ದು ನಿಲ್ಲಿಸಿ, ಕೆಳಗೆ 20 ಸೆಂ.ಮೀ. ಎತ್ತರದ ತಿರುಗುವ ಪೀಠ ಕೊಡೋಣ. ಮೊದಲ ಕೀಲು: ಎ = 0, ಆಲ್ಫಾ = 90 ಡಿಗ್ರಿ, ಡಿ = 20. ಎರಡನೆಯದು: ಎ = 30, ಆಲ್ಫಾ = 0, ಡಿ = 0. ಮೂರನೆಯದು: ಎ = 20, ಆಲ್ಫಾ = 0, ಡಿ = 0. ಈಗ ಕ1 ಪೀಠದ ಕೋನ, ಕ2 ಭುಜದ್ದು, ಕ3 ಮೊಣಕೈಯದು. ಮೂರನ್ನೂ ಗುಣಿಸಿದರೆ ಸಿಗುವುದು:

ಚಾಚು = 30 × ಕಾಸ್(ಕ2) + 20 × ಕಾಸ್(ಕ2 + ಕ3)
ಎಕ್ಸ್ = ಚಾಚು × ಕಾಸ್(ಕ1)
ವೈ = ಚಾಚು × ಸೈನ್(ಕ1)
ಜೆಡ್ = 20 + 30 × ಸೈನ್(ಕ2) + 20 × ಸೈನ್(ಕ2 + ಕ3)

ಇದರ ಇನ್ವರ್ಸ್ ಕೂಡ ಕೈಯಲ್ಲೇ ಇದೆ. ಪೀಠದ ಕೋನ ಎಟ್ಯಾನ್2(ವೈ, ಎಕ್ಸ್). ಚಾಚು √(ಎಕ್ಸ್² + ವೈ²), ಎತ್ತರ ಜೆಡ್ − 20. ಈ ಎರಡನ್ನು ಹಳೆಯ ಎರಡು ಕೀಲಿನ ಸೂತ್ರಕ್ಕೆ ಕೊಟ್ಟರೆ ಭುಜ, ಮೊಣಕೈ ಸಿಗುತ್ತವೆ. ಪೀಠ 180 ಡಿಗ್ರಿ ತಿರುಗಿ ತೋಳು ತಲೆಯ ಮೇಲಿಂದ ಹಿಂದಕ್ಕೆ ಬಾಗಿಯೂ ಅದೇ ಬಿಂದು ಮುಟ್ಟಬಹುದಾದ್ದರಿಂದ ಒಟ್ಟು ಉತ್ತರ ನಾಲ್ಕು. ತುದಿ ನೇರ ಪೀಠದ ಅಕ್ಷದ ಮೇಲೆಯೇ ಬಂದರೆ ಕ1ಕ್ಕೆ ಯಾವ ಬೆಲೆಯೂ ನಡೆಯುತ್ತದೆ. ಆಗ ಹಿಂದಿನ ಕ1 ಅನ್ನೇ ಉಳಿಸಿಕೊಳ್ಳಿ.

ಒಂದು ಎಚ್ಚರಿಕೆ: ಈ ನಾಲ್ಕು ಅಂಕಿಗಳ ಪದ್ಧತಿಯಲ್ಲಿ ಎರಡು ಬಗೆಗಳು ಬಳಕೆಯಲ್ಲಿವೆ. ಒಂದರಲ್ಲಿ ಅಕ್ಷಗಳ ಚೌಕಟ್ಟನ್ನು ಕೊಂಡಿಯ ಕೊನೆಯಲ್ಲಿ ಕೂರಿಸುತ್ತಾರೆ, ಇನ್ನೊಂದರಲ್ಲಿ ಆರಂಭದಲ್ಲಿ. ಮೇಲಿನದು ಮೊದಲ ಬಗೆ. ಒಂದು ಬಗೆಯ ಕೋಷ್ಟಕವನ್ನು ಇನ್ನೊಂದು ಬಗೆಯ ಮ್ಯಾಟ್ರಿಕ್ಸಿಗೆ ಹಾಕಿದರೆ ತಪ್ಪಿನ ಸಂದೇಶ ಏನೂ ಬರುವುದಿಲ್ಲ, ನೋಡಲು ಚೆಂದದ ಸುಳ್ಳು ಉತ್ತರ ಬರುತ್ತದೆ. ಎಲ್ಲಿಂದಲಾದರೂ ಕೋಷ್ಟಕ ತೆಗೆದುಕೊಂಡರೆ ಅದು ಯಾವ ಬಗೆಯದೆಂದು ಖಚಿತಪಡಿಸಿಕೊಂಡೇ ಬಳಸಿ. ಆರ್‌ಓಎಸ್ ಎಂಬ ರೋಬೋಟ್ ಸಾಫ್ಟ್‌ವೇರಿನಲ್ಲಿ ಕೆಲಸ ಮಾಡುವವರಿಗೆ ಈ ತಲೆನೋವು ಕಡಿಮೆ. ಅಲ್ಲಿ ತೋಳಿನ ರಚನೆಯನ್ನು ವಿವರಿಸುವ ಯುಆರ್‌ಡಿಎಫ್ ಫೈಲಿನಲ್ಲಿ ಪ್ರತಿ ಕೀಲಿನ ಸ್ಥಾನಕ್ಕೆ ಮೂರು, ದಿಕ್ಕಿಗೆ ಮೂರು ಎಂದು ಆರೂ ಅಂಕಿಗಳನ್ನು ನೇರವಾಗಿ ಬರೆಯುತ್ತಾರೆ.

ಆರು ಕೀಲು

ಯಾವುದೇ ಜಾಗ, ಯಾವುದೇ ದಿಕ್ಕು ಎರಡೂ ಬೇಕೆಂದರೆ ಆರು ಕೀಲು ಬೇಕು. ಆದರೆ ಆರು ಕೀಲಿನ ತೋಳುಗಳಲ್ಲಿ ಎಲ್ಲವುದರ ಇನ್ವರ್ಸ್ ಸೂತ್ರಕ್ಕೆ ದಕ್ಕುವುದಿಲ್ಲ, ಕೆಲವದ್ದು ಮಾತ್ರ. ಡೊನಾಲ್ಡ್ ಪೈಪರ್ 1968ರಲ್ಲಿ ಸ್ಟ್ಯಾನ್‌ಫರ್ಡ್‌ನಲ್ಲಿ ತೋರಿಸಿದ್ದು ಇದು: ಒಂದರ ಹಿಂದೊಂದಿರುವ ಮೂರು ಅಕ್ಷಗಳು ಒಂದೇ ಬಿಂದುವಿನಲ್ಲಿ ಸೇರಿದರೆ ಲೆಕ್ಕ ಸೂತ್ರಕ್ಕೆ ದಕ್ಕುತ್ತದೆ. ಪೂಮಾ 560ರಂತಹ ತೋಳುಗಳ ಮಣಿಕಟ್ಟಿನಲ್ಲಿ ಕೊನೆಯ ಮೂರು ಅಕ್ಷಗಳು ಒಂದೇ ಬಿಂದುವಿನಲ್ಲಿ ಹಾಯುವಂತೆ ಕಟ್ಟಿರುವುದು ಈ ಕಾರಣಕ್ಕೆ ತುಂಬ ಅನುಕೂಲ.

ಕ್ರಮ ಹೀಗಿದೆ. ಬೇಕಾದ ತುದಿಯಿಂದ ಗ್ರಿಪ್ಪರ್ ಚಾಚಿದ ದಿಕ್ಕಿನಲ್ಲಿ, ಅಂದರೆ ದಿಕ್ಕಿನ ಮ್ಯಾಟ್ರಿಕ್ಸಿನ ಮೂರನೇ ಕಾಲಮಿನ ಗುಂಟ, ಗ್ರಿಪ್ಪರ್ ಉದ್ದದಷ್ಟು ಹಿಂದೆ ಬಂದು ಮಣಿಕಟ್ಟಿನ ಕೇಂದ್ರ ಕಂಡುಕೊಳ್ಳಿ. ಕೊನೆಯ ಮೂರು ಕೀಲು ಎಷ್ಟೇ ತಿರುಗಿದರೂ ಆ ಕೇಂದ್ರ ಅಲುಗುವುದಿಲ್ಲ. ಹಾಗಾಗಿ ಮೊದಲ ಮೂರು ಕೋನಗಳನ್ನು ಮೇಲಿನ ಪೀಠ, ಭುಜ, ಮೊಣಕೈ ಲೆಕ್ಕದಿಂದ ಬಿಡಿಸಿ. ಆಮೇಲೆ ಆ ಮೂರು ಕೀಲುಗಳು ಈಗಾಗಲೇ ಕೊಟ್ಟಿರುವ ತಿರುಗುವಿಕೆಯ ಮ್ಯಾಟ್ರಿಕ್ಸನ್ನು ಟ್ರಾನ್ಸ್‌ಪೋಸ್ ಮಾಡಿ (ಸಾಲುಗಳನ್ನು ಕಾಲಮುಗಳಾಗಿಸಿ), ಬೇಕಾದ ದಿಕ್ಕಿನ ಮ್ಯಾಟ್ರಿಕ್ಸಿನ ಎಡಕ್ಕೆ ಗುಣಿಸಿ. ಉಳಿದ ತಿರುಗುವಿಕೆ ಮಣಿಕಟ್ಟಿನ ಪಾಲು. ಅದನ್ನು ಮೂರು ಆಯ್ಲರ್ ಕೋನಗಳಾಗಿ, ಅಂದರೆ ಅಕ್ಷಗಳ ಸುತ್ತ ಒಂದಾದ ಮೇಲೊಂದು ಮಾಡುವ ಮೂರು ತಿರುಗುವಿಕೆಗಳಾಗಿ, ಒಡೆದರೆ ಕೊನೆಯ ಮೂರು ಕೀಲುಗಳು ಸಿಕ್ಕವು. ಮೊದಲ ಮೂರಕ್ಕೆ ನಾಲ್ಕು ಉತ್ತರ, ಪ್ರತಿಯೊಂದಕ್ಕೂ ಮಣಿಕಟ್ಟಿನದು ಎರಡು, ಒಟ್ಟು ಎಂಟು. ಇಂತಹ ಯಾವ ಅನುಕೂಲವೂ ಇಲ್ಲದ ಆರು ತಿರುಗುವ ಕೀಲುಗಳ ತೋಳಿಗೆ ಹೆಚ್ಚೆಂದರೆ 16 ಉತ್ತರಗಳು ಇರಬಹುದು.

ಸೂತ್ರ ಇಲ್ಲದಾಗ: ಹೆಜ್ಜೆ ಹೆಜ್ಜೆಯಾಗಿ ಹತ್ತಿರ ಹೋಗುವುದು

ಏಳು ಕೀಲಿದ್ದರೆ, ಅಥವಾ ಮಣಿಕಟ್ಟಿನ ಅಕ್ಷಗಳು ಒಂದೆಡೆ ಸೇರದಿದ್ದರೆ, ಜಾಕೋಬಿಯನ್ ಕೈಹಿಡಿಯುತ್ತದೆ. ಹೆಸರು ಭಾರ, ವಿಷಯ ಸರಳ. ಒಂದೊಂದು ಕೀಲನ್ನು ಒಂದಿಷ್ಟೇ ತಿರುಗಿಸಿದರೆ ತುದಿ ಯಾವ ಕಡೆಗೆ, ಎಷ್ಟು ಸರಿಯುತ್ತದೆ ಎಂಬುದರ ಪಟ್ಟಿ ಅದು. ಪ್ರತಿ ಕೀಲಿಗೂ ಒಂದು ಕಾಲಮು.

ನಮ್ಮ ಎರಡು ಕೀಲಿನ ತೋಳು 30, 45 ಡಿಗ್ರಿಯಲ್ಲಿ ನಿಂತಿರುವಾಗ ಭುಜದ ಕಾಲಮು (−34.32, 31.16). ಇದು ಭುಜದಿಂದ ತುದಿಗೆ ಎಳೆದ ಗೆರೆಯನ್ನು 90 ಡಿಗ್ರಿ ತಿರುಗಿಸಿದ್ದಷ್ಟೇ. ಮೊಣಕೈ ಕಾಲಮು (−19.32, 5.18), ಮೊಣಕೈಯಿಂದ ತುದಿಗಿರುವ ಗೆರೆಗೆ ಲಂಬ. ಈಗ ತುದಿ ಎಕ್ಸ್ ದಿಕ್ಕಿನಲ್ಲಿ 1 ಸೆಂ.ಮೀ. ಮುಂದೆ ಹೋಗಬೇಕು, ವೈ ಬದಲಾಗಬಾರದು. ಎರಡು ಸಮೀಕರಣ ಬಿಡಿಸಿದರೆ ಭುಜಕ್ಕೆ 0.0122 ರೇಡಿಯನ್, ಮೊಣಕೈಗೆ −0.0734 ರೇಡಿಯನ್, ಡಿಗ್ರಿಯಲ್ಲಿ 0.70 ಮತ್ತು −4.21. ಹೊಸ ಕೋನಗಳನ್ನು ಫಾರ್ವರ್ಡ್‌ಗೆ ಕೊಟ್ಟರೆ ತುದಿ ಬರುವುದು ಸುಮಾರು (32.15, 34.28) ಎಂಬಲ್ಲಿ. ಬೇಕಾದ್ದು (32.16, 34.32). ಒಂದೇ ಹೆಜ್ಜೆಯಲ್ಲಿ 10 ಮಿಲಿಮೀಟರ್ ಅಂತರ 0.4 ಮಿಲಿಮೀಟರಿಗೆ ಇಳಿಯಿತು. ಅಲ್ಲಿಂದ ಹೊಸ ಜಾಕೋಬಿಯನ್ ಕಟ್ಟಿ ಇನ್ನೊಂದು ಹೆಜ್ಜೆ ಇಟ್ಟರೆ ಸಾಕೇ ಸಾಕು. ನಾನು ಈ ಲೆಕ್ಕವನ್ನು ಮೊದಲ ಸಲ ಕೈಯಲ್ಲಿ ಮಾಡಿದ ದಿನವೇ ಇನ್ವರ್ಸ್ ಬಗೆಗಿದ್ದ ಭಯ ಹೋಯಿತು. ನೀವೂ ಒಮ್ಮೆ ಕಾಗದದ ಮೇಲೆ ಮಾಡಿ.

ಮೂರು ಆಯಾಮದಲ್ಲಿ ತಿರುಗುವ ಕೀಲಿನ ಕಾಲಮಿಗೆ ಆರು ಅಂಕಿ. ಮೇಲಿನ ಮೂರು, ಕೀಲಿನ ಜೆಡ್ ಅಕ್ಷ ಮತ್ತು ಕೀಲಿನಿಂದ ತುದಿಗಿರುವ ವೆಕ್ಟರ್ ಇವುಗಳ ಕ್ರಾಸ್ ಗುಣಲಬ್ಧ. ಕೆಳಗಿನ ಮೂರು, ಆ ಜೆಡ್ ಅಕ್ಷವೇ. ದಿಕ್ಕಿನ ವ್ಯತ್ಯಾಸ ಲೆಕ್ಕ ಹಾಕುವಾಗ ಆಯ್ಲರ್ ಕೋನಗಳನ್ನು ಒಂದರಿಂದೊಂದು ಕಳೆಯಬೇಡಿ. 179 ಮತ್ತು −179 ಡಿಗ್ರಿಗಳ ನಡುವೆ ಇರುವುದು 2 ಡಿಗ್ರಿ, ಕಳೆದರೆ ಬರುವುದು 358. ಬೇಕಾದ ಮ್ಯಾಟ್ರಿಕ್ಸಿಗೂ ಈಗಿನದಕ್ಕೂ ನಡುವಿರುವ ತಿರುಗುವಿಕೆಯನ್ನು ಒಂದು ಅಕ್ಷ, ಅದರ ಸುತ್ತ ಒಂದು ಕೋನ ಎಂದು ಬರೆದು ಅದನ್ನೇ ತಪ್ಪಿನ ಅಳತೆಯಾಗಿ ಬಳಸಿ.

1 ಮಿಲಿಮೀಟರಿಗೆ 7 ಡಿಗ್ರಿ

ತೋಳು ಪೂರ್ತಿ ಚಾಚಿ 50 ಸೆಂ.ಮೀ. ದೂರದಲ್ಲಿದೆ. ತುದಿಯನ್ನು ಭುಜದ ಕಡೆಗೆ ಬರೀ 1 ಮಿಲಿಮೀಟರ್ ಎಳೆಯಬೇಕು, ದೂರ 49.9 ಆಗಬೇಕು. ಕೊಸೈನ್ ನಿಯಮಕ್ಕೆ ಹಾಕಿದರೆ ಕಾಸ್(ಕ2) = 0.99168, ಕ2 = 7.4 ಡಿಗ್ರಿ! ಅದೇ ಮೊಣಕೈ 45 ಡಿಗ್ರಿ ಮಡಚಿದ್ದಾಗ 1 ಮಿಲಿಮೀಟರಿಗೆ ಬೇಕಾಗುವುದು ಸುಮಾರು 0.63 ಡಿಗ್ರಿ. ಹತ್ತಿರ ಹತ್ತಿರ 12 ಪಟ್ಟು ವ್ಯತ್ಯಾಸ. ತುದಿ ಒಂದೇ ವೇಗದಲ್ಲಿ ಹೋಗಬೇಕೆಂದು ಹಟ ಹಿಡಿದರೆ ಗಡಿಯ ಬಳಿ ಮೊಣಕೈ ಮೋಟರಿನಿಂದ ಅಸಾಧ್ಯ ವೇಗ ಕೇಳಿದಂತಾಗುತ್ತದೆ. ಇದೇ ಸಿಂಗ್ಯುಲಾರಿಟಿ. ಈ ತೋಳಿನ ಜಾಕೋಬಿಯನ್ನಿನ ಡಿಟರ್ಮಿನೆಂಟ್ ಉ1 × ಉ2 × ಸೈನ್(ಕ2). 45 ಡಿಗ್ರಿಯಲ್ಲಿ ಅದು 424, 1 ಡಿಗ್ರಿಯಲ್ಲಿ 10.5, ಪೂರ್ತಿ ಚಾಚಿದಾಗ ಸೊನ್ನೆ. ಆರು ಕೀಲಿನ ತೋಳಿನ ಮಣಿಕಟ್ಟಿನಲ್ಲೂ ಹೀಗೇ: ಐದನೇ ಕೀಲು ಸೊನ್ನೆಯಾದಾಗ ನಾಲ್ಕನೆಯದು, ಆರನೆಯದು ಒಂದೇ ಗೆರೆಯಲ್ಲಿ ನಿಂತು ಒಂದೇ ಕೆಲಸ ಮಾಡತೊಡಗುತ್ತವೆ. ಆಗ ಅವೆರಡರ ಮೊತ್ತ ಮಾತ್ರ ನಿಗದಿಯಾಗುತ್ತದೆ, ಬಿಡಿ ಬೆಲೆ ಅಲ್ಲ.

ಪರಿಹಾರವಾಗಿ ಡ್ಯಾಂಪ್ಡ್ ಲೀಸ್ಟ್ ಸ್ಕ್ವೇರ್ಸ್ ಬಳಸಿ. ಜಾಕೋಬಿಯನ್ನನ್ನು ಜೆ, ಅದರ ಟ್ರಾನ್ಸ್‌ಪೋಸನ್ನು ಜೆಟಿ ಎಂದು ಕರೆದರೆ:

ಕೋನಗಳ ಬದಲಾವಣೆ = ಜೆಟಿ × (ಜೆ × ಜೆಟಿ + ಲ್ಯಾಮ್ಡಾ² × ಐಡೆಂಟಿಟಿ ಮ್ಯಾಟ್ರಿಕ್ಸ್)⁻¹ × ತಪ್ಪು

ಲ್ಯಾಮ್ಡಾ ಎಂಬ ಆ ಪುಟ್ಟ ಅಂಕಿ ಗಡಿಯ ಬಳಿ ಹೆಜ್ಜೆಯನ್ನು ತಗ್ಗಿಸುತ್ತದೆ. ತುದಿ ತುಸು ನಿಧಾನವಾಗಿ ಗುರಿ ಸೇರುತ್ತದೆ, ಆದರೆ ಮೋಟರು ಹುಚ್ಚೆದ್ದು ಓಡುವುದಿಲ್ಲ. ಒಂದೊಂದು ಹೆಜ್ಜೆಯಲ್ಲಿ ಕೀಲು ಗರಿಷ್ಠ ಇಷ್ಟೇ ತಿರುಗಬೇಕೆಂಬ ಮಿತಿಯನ್ನೂ ಹಾಕಿ. ನಾನು 5 ಡಿಗ್ರಿ ಇಟ್ಟುಕೊಳ್ಳುತ್ತೇನೆ. ತೋಳು ಈಗ ನಿಂತಿರುವ ಭಂಗಿಯಿಂದಲೇ ಆರಂಭಿಸಿ. ನೂರು ಹೆಜ್ಜೆಯಾದರೂ ಸೇರದಿದ್ದರೆ ಬೇರೆ ಆರಂಭದಿಂದ ಪ್ರಯತ್ನಿಸಿ, ಆಗಲೂ ಇಲ್ಲದಿದ್ದರೆ ಸೋಲನ್ನು ವರದಿ ಮಾಡಿ.

ಉತ್ತರ ಆರಿಸುವುದು

ನಾಲ್ಕೋ ಎಂಟೋ ಉತ್ತರ ಬಂದವು. ಮೊದಲು ಕೀಲಿನ ಮಿತಿ ಮೀರಿದವನ್ನು ತೆಗೆದುಹಾಕಿ. ಆಮೇಲೆ ತೋಳಿನ ಯಾವುದಾದರೂ ಭಾಗ ಮೇಜಿಗೋ ತನ್ನದೇ ಮೈಗೋ ತಾಗುವಂತಿದ್ದರೆ ಅದನ್ನೂ. ಉಳಿದವುಗಳಲ್ಲಿ ಈಗಿನ ಭಂಗಿಗೆ ಅತಿ ಹತ್ತಿರವಿರುವುದನ್ನು ಹಿಡಿಯಿರಿ. ಹತ್ತಿರ ಎಂದರೆ ಪ್ರತಿ ಕೀಲಿನ ವ್ಯತ್ಯಾಸದ ವರ್ಗಗಳ ಮೊತ್ತ. ಭುಜ, ಪೀಠಗಳಿಗೆ ಹೆಚ್ಚು ತೂಕ ಕೊಡಿ, ಅವು ತಿರುಗಿದರೆ ಇಡೀ ತೋಳು ಬೀಸುತ್ತದೆ. ವ್ಯತ್ಯಾಸವನ್ನು −180ರಿಂದ 180ರೊಳಗೆ ತಂದುಕೊಂಡು ಅಳೆಯಬೇಕು, ಆದರೆ ಕೀಲಿಗೆ ಪೂರ್ತಿ ಸುತ್ತುವ ಸ್ವಾತಂತ್ರ್ಯವಿದ್ದರೆ ಮಾತ್ರ.

ಇದನ್ನು ಕಡೆಗಣಿಸಿದ್ದರ ಫಲ ನೋಡಿದ್ದೇನೆ. ತುದಿ ಒಂದು ನೇರ ಗೆರೆಯ ಮೇಲೆ ಸಾಗಬೇಕಿತ್ತು. ಪ್ರತಿ ಬಿಂದುವಿಗೂ ಉತ್ತರ ಸರಿ, ಫಾರ್ವರ್ಡ್ ಸಾಕ್ಷಿಯೂ ಸರಿ. ಆದರೆ ಒಂದು ಬಿಂದುವಿಗೆ ಮೊಣಕೈ ಮೇಲಿನ ಭಂಗಿ, ಮರು ಬಿಂದುವಿಗೆ ಕೆಳಗಿನ ಭಂಗಿ ಆಯ್ಕೆಯಾಗಿತ್ತು. ಅರ್ಧ ಸೆಂಟಿಮೀಟರ್ ಸರಿಯಬೇಕಿದ್ದ ತೋಳು ರಪ್ಪನೆ ಮೊಣಕೈ ಮಗುಚಿ ಪಕ್ಕದಲ್ಲಿದ್ದ ಕ್ಯಾಮೆರಾ ಸ್ಟ್ಯಾಂಡನ್ನು ಉರುಳಿಸಿತು. ಹಾದಿಯ ಮೇಲಿನ ಎರಡು ಪಕ್ಕದ ಬಿಂದುಗಳ ನಡುವೆ ಯಾವ ಕೀಲಾದರೂ 10 ಡಿಗ್ರಿಗಿಂತ ಹೆಚ್ಚು ಜಿಗಿದರೆ ಚಲನೆಯನ್ನೇ ಆರಂಭಿಸದಿರುವ ಒಂದು ಪರೀಕ್ಷೆಯನ್ನು ಆಗಿನಿಂದ ಬಿಟ್ಟಿಲ್ಲ.

ಪರೀಕ್ಷೆ

ಕೋಡಿನ ಪರೀಕ್ಷೆ ಸುಲಭ. ಮಿತಿಯೊಳಗೆ ಹತ್ತು ಸಾವಿರ ಕೋನದ ಜೋಡಿಗಳನ್ನು ಮನಬಂದಂತೆ ಆರಿಸಿ. ಪ್ರತಿಯೊಂದಕ್ಕೂ ಫಾರ್ವರ್ಡ್, ಅದರ ಉತ್ತರಕ್ಕೆ ಇನ್ವರ್ಸ್, ಮತ್ತೆ ಫಾರ್ವರ್ಡ್. ಮೊದಲ ಜಾಗವೂ ಕೊನೆಯ ಜಾಗವೂ ಒಂದೇ ಆಗಬೇಕು. ಕೋನಗಳನ್ನು ಹೋಲಿಸಬೇಡಿ, ಇನ್ವರ್ಸ್ ಬೇರೆ ಭಂಗಿ ಹಿಂತಿರುಗಿಸಿದ್ದರೂ ಅದು ಸರಿಯೇ ಇರಬಹುದು. ಜಾಕೋಬಿಯನ್ ಬರೆದಿದ್ದರೆ ಪ್ರತಿ ಕೀಲನ್ನು 0.000001 ರೇಡಿಯನ್ ತಿರುಗಿಸಿ, ತುದಿ ಸರಿದದ್ದನ್ನು ಅದರಿಂದ ಭಾಗಿಸಿ, ಕಾಲಮಿನೊಡನೆ ತಾಳೆ ನೋಡಿ.

ನಿಜವಾದ ತೋಳಿನ ಪರೀಕ್ಷೆಗೆ ಗ್ರಿಪ್ಪರಿಗೆ ಪೆನ್ನು ಕಟ್ಟಿ, ಕೆಳಗೆ ಗ್ರಾಫ್ ಹಾಳೆ ಹಾಸಿ. ಐದು ಸೆಂಟಿಮೀಟರಿಗೊಂದರಂತೆ ಚುಕ್ಕಿ ಇಡಲು ಹೇಳಿ, ಸ್ಕೇಲಿನಿಂದ ಅಳೆಯಿರಿ. ಚುಕ್ಕಿಗಳು ತಪ್ಪಿರುವ ರೀತಿಯೇ ಕಾರಣವನ್ನು ಹೇಳುತ್ತದೆ. ಇಡೀ ಜಾಲ ಒಂದೇ ಕೋನದಷ್ಟು ತಿರುಗಿದ್ದರೆ ಬುಡದ ಮೊದಲ ಕೀಲಿನ ಸೊನ್ನೆ ಸರಿಯಿಲ್ಲ. 1 ಡಿಗ್ರಿ ತಪ್ಪಿದ್ದರೂ 46 ಸೆಂ.ಮೀ. ದೂರದಲ್ಲಿ ಅದು 8 ಮಿಲಿಮೀಟರ್ ಆಗಿ ಕಾಣುತ್ತದೆ. ಜಾಲದ ದಿಕ್ಕು ಸರಿಯಿದ್ದು ಚುಕ್ಕಿಗಳ ನಡುವಿನ ಅಂತರ ಎಲ್ಲೆಡೆ ಒಂದೇ ಪ್ರಮಾಣದಲ್ಲಿ ಹಿಗ್ಗಿದ್ದರೆ, ಕೊಂಡಿಗಳ ಉದ್ದ ಅಳೆದದ್ದೇ ತಪ್ಪು. ನೇರವಾಗಿರಬೇಕಿದ್ದ ಸಾಲುಗಳು ಬಿಲ್ಲಿನಂತೆ ಬಾಗಿದ್ದರೆ ಮೊಣಕೈಯ ಸೊನ್ನೆಯನ್ನು ನೋಡಿ. ಒಂದೇ ಚುಕ್ಕಿಗೆ ಎಡದಿಂದ ಬಂದಾಗ ಒಂದು ಜಾಗ, ಬಲದಿಂದ ಬಂದಾಗ ಇನ್ನೊಂದು ಜಾಗ ಬಂದರೆ ಸೂತ್ರವನ್ನು ಮುಟ್ಟಬೇಡಿ. ಗೇರ್ ಹಲ್ಲುಗಳ ನಡುವೆ ಸಡಿಲವಿದೆ, ಸ್ಕ್ರೂಡ್ರೈವರ್ ತೆಗೆದುಕೊಳ್ಳಿ.